ಮೇಲ್ಮನವಿಯ ರಹದಾರಿ

ಸಿವಿಲ್ ದಾವೆಯೊಂದು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಲು ಒಂದು ಕಾಲದಲ್ಲಿ ಆಸ್ತಿಯ ಬೆಲೆಯೇ ಮುಖ್ಯ ರಹದಾರಿಯಾಗಿತ್ತು. ಸಂವಿಧಾನದ 133ನೇ ವಿಧಿಯ ಮೂಲರೂಪದಲ್ಲಿದ್ದ 20,000 ರೂಪಾಯಿಯ ಆ ಮಿತಿಯನ್ನು 1972ರ 30ನೇ ತಿದ್ದುಪಡಿ ತೆಗೆದುಹಾಕಿತು. ಬಂಗಲೆಗೊಂದು, ಗುಡಿಸಲಿಗೊಂದು ನ್ಯಾಯವೆಂಬ ಕಳಂಕ ಕಾಗದದ ಮೇಲಾದರೂ ಅಳಿಯಿತು. ಈಗ ಸಾರ್ವತ್ರಿಕ ಮಹತ್ವದ, ಸುಪ್ರೀಂ ಕೋರ್ಟೇ ತೀರ್ಮಾನಿಸಬೇಕಾದ ಗಣನೀಯ ಕಾನೂನು ಪ್ರಶ್ನೆ ಅಡಗಿದೆಯೆಂದು ಹೈಕೋರ್ಟ್ ಪ್ರಮಾಣೀಕರಿಸಬೇಕು. ತೀರ್ಪು ತಪ್ಪೆಂಬ ಅಳಲಷ್ಟೇ ಸಾಲದು. ಪ್ರಮಾಣಪತ್ರ ನಿರಾಕರಿಸಲ್ಪಟ್ಟರೆ 136ನೇ ವಿಧಿಯ ವಿಶೇಷ ಅನುಮತಿಯನ್ನು ಕೋರಬಹುದು. ಆದರೆ ಅದು ಕಕ್ಷಿದಾರನ ಹಕ್ಕಲ್ಲ, ನ್ಯಾಯಾಲಯದ ವಿವೇಚನೆ. ಬೆಲೆಯ ಮಿತಿ ಹೋಯಿತು, ನಿಜ. ದೆಹಲಿಯ ವಕೀಲರ ಶುಲ್ಕ, ಪ್ರಯಾಣದ ವೆಚ್ಚಗಳು ಹೋಗಿವೆಯೇ ಎಂದು ನಾವು ಕೇಳುತ್ತೇವೆ. ಬಡ ಕಕ್ಷಿದಾರರ ನೆರವಿಗೆ ಸುಪ್ರೀಂ ಕೋರ್ಟ್ ಕಾನೂನು ಸೇವೆಗಳ ಸಮಿತಿಯಿದೆ. ನಮ್ಮ ಊರುಗಳಲ್ಲಿ ಅದನ್ನು ತಿಳಿಸಿಹೇಳುವವರೇ ವಿರಳ.