ಹರಳೇ ಲೆಕ್ಕ ಮಾಡಿದಾಗ

ಚದುರಂಗದ ಮೊದಲ ಮನೆಗೆ ಒಂದು ಅಕ್ಕಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು – ಹೀಗೆ ಬೇಡಿ ರಾಜನ ಕಣಜವನ್ನೇ ಬರಿದು ಮಾಡಿದ ಜಾಣನ ಕಥೆ ಮಕ್ಕಳಿಗೆ ಗೊತ್ತು. ಆಯಸ್ಕಾಂತಗಳ ಗುಣವನ್ನು ಅಭ್ಯಸಿಸುವ ವಿಜ್ಞಾನಿಗಳಿಗೂ ಇದೇ ಪೇಚು.

ಕಬ್ಬಿಣದ ಕಾಂತ ಗುಣಕ್ಕೆ ಮುಖ್ಯ ಕಾರಣ ಎಲೆಕ್ಟ್ರಾನುಗಳ ‘ಸ್ಪಿನ್’. ಪ್ರತಿ ಸ್ಪಿನ್ ಒಂದು ಪುಟ್ಟ ಕಾಂತಸೂಜಿ ಇದ್ದಂತೆ. ಅದಕ್ಕೆ ಮೇಲೆ, ಕೆಳಗೆ ಎಂಬ ಎರಡು ಸ್ಥಿತಿ. ಕ್ವಾಂಟಂ ನಿಯಮದ ಪ್ರಕಾರ ಇವೆರಡೂ ಬೆರೆತಿರಬಹುದು. ಹಾಗಾಗಿ ಎಲ್ಲ ಜೋಡಣೆಗಳನ್ನೂ ಒಟ್ಟಿಗೇ ಲೆಕ್ಕಕ್ಕೆ ಹಿಡಿಯಬೇಕು. 10 ಸ್ಪಿನ್‌ಗಳಿದ್ದರೆ 1,024 ಜೋಡಣೆ. 50 ಇದ್ದರೆ 1,125 ಲಕ್ಷ ಕೋಟಿಗೂ ಹೆಚ್ಚು! ಎಷ್ಟೇ ದೊಡ್ಡ ಕಂಪ್ಯೂಟರ್ ಆದರೂ ಇಂಥ ಲೆಕ್ಕದಲ್ಲಿ ಬಹುದೂರ ಹೋಗಲಾರದು.

ಹಾಗಾದರೆ ದಾರಿ ಯಾವುದು? ಪ್ರಕೃತಿ ನಡೆಯುವುದು ಕ್ವಾಂಟಂ ನಿಯಮದಂತೆ. ಅದನ್ನು ಅನುಕರಿಸುವ ಯಂತ್ರವೂ ಅದೇ ನಿಯಮದಂತೆ ನಡೆಯಲಿ ಎಂದು 1981ರಲ್ಲಿ ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಸೂಚಿಸಿದರು.

ಅಂಥ ಒಂದು ‘ಯಂತ್ರ’ ಫ್ಲೋರ್‌ಅಪಟೈಟ್ ಎಂಬ ಹರಳು. ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಹಲ್ಲಿನ ಎನಾಮಲ್‌ನಲ್ಲಿ ಉಂಟುಮಾಡುವುದೂ ಇದೇ ಬಗೆಯ ಖನಿಜ. ಇದರಲ್ಲಿ ಫ್ಲೋರಿನ್ ಪರಮಾಣುಗಳು ಮಣಿಸರದಂತೆ ಸಾಲಾಗಿ ನಿಂತಿವೆ. ಅವುಗಳ ನ್ಯೂಕ್ಲಿಯಸ್‌ಗೂ ಸ್ಪಿನ್ ಉಂಟು. ಸಾಲಿನೊಳಗಿನ ಅಂತರಕ್ಕಿಂತ ಸಾಲು ಸಾಲುಗಳ ನಡುವಿನ ಅಂತರ ಎರಡೂವರೆ ಪಟ್ಟಿಗೂ ಹೆಚ್ಚು. ಅಂತರ ಎರಡು ಪಟ್ಟಾದರೆ ಸ್ಪಿನ್‌ಗಳ ಪರಸ್ಪರ ಪ್ರಭಾವ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ಪ್ರತಿ ಸಾಲೂ ಬಹುಮಟ್ಟಿಗೆ ತನ್ನ ಪಾಡಿಗೆ ತಾನಿರುತ್ತದೆ.

ಹರಳನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ತರಂಗಗಳ ಮಿಡಿತಗಳನ್ನು ಹಾಯಿಸುತ್ತಾರೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ತತ್ತ್ವವೂ ಇದೇ. ನ್ಯೂಕ್ಲಿಯಸ್ ಒಡೆಯುವ ಮಾತಿಲ್ಲ, ವಿಕಿರಣದ ಭಯವೂ ಇಲ್ಲ. ಮಿಡಿತಗಳ ತಾಳ ಬದಲಿಸಿದರೆ ಸ್ಪಿನ್‌ಗಳ ನಡುವಿನ ಪ್ರಭಾವವನ್ನು ಬೇಕಾದಂತೆ ಮಾರ್ಪಡಿಸಬಹುದು.

2018ರಲ್ಲಿ ಪಾವೊಲಾ ಕಪೆಲ್ಲಾರೊ ಮತ್ತು ಸಂಗಡಿಗರು ಈ ಹರಳಿನ ಮುಂದೆ ಒಂದು ಪ್ರಶ್ನೆ ಇಟ್ಟರು: ಸಾಲಿನಲ್ಲಿ ಏರುಪೇರು ಇದ್ದರೆ ಒಂದು ಸ್ಪಿನ್ನಿನ ಪ್ರಭಾವ ಎಷ್ಟು ದೂರ ಹರಡೀತು? ಹರಳು ಉತ್ತರ ಕೊಟ್ಟಿತು. ಏರುಪೇರು ಹೆಚ್ಚಿದಂತೆ ಹರಡುವಿಕೆಗೆ ತಡೆ ಬೀಳುತ್ತದೆ. ಆದರೆ ಸ್ಪಿನ್‌ಗಳ ಪರಸ್ಪರ ಪ್ರಭಾವದಿಂದಾಗಿ ಅದು ಪೂರ್ತಿ ನಿಲ್ಲದೆ ಬಹು ನಿಧಾನವಾಗಿ ತೆವಳುತ್ತದೆ.

ಇತಿಮಿತಿಗಳೂ ಇವೆ. ಒಂದೊಂದೇ ನ್ಯೂಕ್ಲಿಯಸ್ಸನ್ನು ಬೇರೆಯಾಗಿ ಮುಟ್ಟಲಾಗದು. ಅಸಂಖ್ಯ ಸಾಲುಗಳ ಒಟ್ಟು ಸಂಕೇತವಷ್ಟೇ ಸಿಗುತ್ತದೆ. ಆದ್ದರಿಂದ ಚಿಕ್ಕ ಸಾಲುಗಳ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡಿ, ಹರಳಿನ ಉತ್ತರದೊಂದಿಗೆ ತಾಳೆ ನೋಡುತ್ತಾರೆ. ಚಿಕ್ಕ ಲೆಕ್ಕದಲ್ಲಿ ತಾಳೆಯಾದರೆ ಮಾತ್ರ ದೊಡ್ಡ ಲೆಕ್ಕದಲ್ಲಿ ಹರಳಿನ ಮಾತನ್ನು ನಂಬಬಹುದು.