ಸಾಕು ಅನ್ನೋ ಚೀಟಿ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು, ಘಟಪ್ರಭೆಯ ದಂಡೆ, ಗೋಕಾಕದ ಕರದಂಟಿಗೆ ಬೀಳುವ ಬೆಲ್ಲ. ನಮ್ಮ ಕಡೆ ಬದುಕು ತಿರುಗೋದೇ ಕಬ್ಬಿನ ಸುತ್ತ.

ಹೋದ ಹಂಗಾಮಿನಲ್ಲಿ ಮೂಡಲಗಿಯಿಂದ ಅಪ್ಪನ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಎರಡು ಎಕರೆ ಕಬ್ಬು ಕಡಿದು ಟ್ರ್ಯಾಕ್ಟರ್‌ಗೆ ಹೇರಿ ಆಗಿತ್ತು. ಆದ್ರೆ ಕಾರ್ಖಾನೆಯಲ್ಲಿ ಗಾಣ ಕೆಟ್ಟು ನಿಂತಿತ್ತು. ಗೇಟಿನ ಮುಂದೆ ಉದ್ದಕ್ಕೂ ಟ್ರ್ಯಾಕ್ಟರ್‌ಗಳ ಸಾಲು. ಮೂರು ದಿನ ಬಿಸಿಲಲ್ಲಿ ನಿಂತ ಕಬ್ಬು ಒಣಗಿತು. ನಮಗೆ ದುಡ್ಡು ಸಿಗೋದು ತೂಕದ ಮೇಲೆ. ಎಷ್ಟು ಹೋಯ್ತು ಅಂತ ಅಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಉಳಿದ ಒಂದು ಎಕರೆ ಕಾಪಾಡಿದ್ದು ಅವ್ವ. ಕಡಿಯುವ ಗ್ಯಾಂಗಿಗೆ ಮೊದಲೇ ಚೀಟಿ ಹೋಗಿತ್ತು, ಮರುದಿನ ಬೆಳಗ್ಗೆ ಬರೋರಿದ್ದರು. ಅಪ್ಪ ಗೇಟಿನಲ್ಲಿ ಕಾಯ್ತಾ ಕೂತಿದ್ದಾಗ, ಅವ್ವ ಮನೆಯಿಂದಲೇ ಮುಕಾದಮನಿಗೆ ಫೋನ್ ಹಚ್ಚಿದಳು: "ತಮ್ಮಾ, ನಾಳೆ ಆ ಹೊಲಕ್ಕ ಕೈ ಹಚ್ಚಬ್ಯಾಡ್ರಿ. ಗಾಣ ಚಾಲೂ ಆದಮ್ಯಾಗ ನಾನ ಹೇಳ್ತೀನಿ."

ಇದೆಲ್ಲ ನೆನಪಾಗಿದ್ದು ಮೊನ್ನೆ ಬ್ಯಾಕ್ಟೀರಿಯಾ ಬಗ್ಗೆ ಓದುವಾಗ. ನಗಬೇಡಿ, ಹೇಳ್ತೀನಿ.

ನಮ್ಮ ಕರುಳಿನಲ್ಲಿರುವ ಇ. ಕೋಲಿಗೆ ಸಕ್ಕರೆ ಅಂದ್ರೆ ಪ್ರಾಣ. ಆಹಾರ ಚೆನ್ನಾಗಿದ್ದರೆ ಸುಮಾರು 20 ನಿಮಿಷಕ್ಕೆ ಒಂದು ಎರಡಾಗುತ್ತೆ. ಗ್ಲೂಕೋಸ್ ಮುಖ್ಯವಾಗಿ ಒಳಗೆ ಬರೋದು ಪಿಟಿಎಸ್‌ಜಿ ಎಂಬ ಪ್ರೋಟೀನಿನ ಬಾಗಿಲಿನಿಂದ. ಬರುವಾಗಲೇ ಅದಕ್ಕೊಂದು ಫಾಸ್ಫೇಟ್ ಅಂಟಿಕೊಳ್ಳುತ್ತೆ, ಆಮೇಲೆ ಸುಲಭಕ್ಕೆ ಹೊರಗೆ ಹೋಗೋ ಹಾಗಿಲ್ಲ. ಒಳಗಿನ ಗಾಣ ನಡೀತಿದ್ರೆ ಸರಿ. ನಿಂತರೆ ಈ ಸಕ್ಕರೆ-ಫಾಸ್ಫೇಟ್ ರಾಶಿ ಬಿದ್ದು ವಿಷದಂತಾಗುತ್ತೆ, ಬೆಳವಣಿಗೆ ನಿಲ್ಲುತ್ತೆ. ಉಣ್ಣುವ ಅನ್ನವೇ ಸಂಕಟ.

ಆಗ ಎಸ್‌ಜಿಆರ್‌ಎಸ್ ಎಂಬ ಪುಟ್ಟ ಆರ್‌ಎನ್‌ಎ ಹುಟ್ಟುತ್ತೆ. 2004ರಲ್ಲಿ ಇದರ ಕೆಲಸವನ್ನು ಬಿಡಿಸಿ ತೋರಿಸಿದವರು ಕ್ಯಾರಿನ್ ವ್ಯಾಂಡರ್‌ಪೂಲ್ ಮತ್ತು ಸೂಸನ್ ಗಾಟ್ಸ್‌ಮನ್. ಇ. ಕೋಲಿಯ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಗಳಿವೆ. ಈ ಆರ್‌ಎನ್‌ಎಗೆ ಇರೋದು ಬರೀ 227.

ಎಂಆರ್‌ಎನ್‌ಎ ಅನ್ನೋ ಹೆಸರು ಕೋವಿಡ್ ಲಸಿಕೆ ಕಾಲದಿಂದ ನಿಮಗೆ ಗೊತ್ತು. "ಈ ಪ್ರೋಟೀನ್ ಮಾಡ್ರಿ" ಅಂತ ಡಿಎನ್‌ಎಯಿಂದ ಹೊರಡುವ ಚೀಟಿ ಅದು. ಎಸ್‌ಜಿಆರ್‌ಎಸ್ ಹೋಗಿ, ಎಚ್‌ಎಫ್‌ಕ್ಯೂ ಎಂಬ ಪ್ರೋಟೀನಿನ ನೆರವಿನಿಂದ, ಪಿಟಿಎಸ್‌ಜಿ ಚೀಟಿಯ ಆರಂಭದಲ್ಲೇ ಅಂಟಿ ಕೂರುತ್ತೆ. ಓದುವ ರೈಬೋಸೋಮ್‌ಗೆ ಜಾಗ ಸಿಗಲ್ಲ. ಆಮೇಲೆ ಕಿಣ್ವವೊಂದು ಬಂದು ಆ ಚೀಟಿಯನ್ನೇ ಹರಿದುಹಾಕುತ್ತೆ. ಹೊಸ ಬಾಗಿಲು ಬಂದ್.

ಹಾಗಾದ್ರೆ ಇರುವ ಬಾಗಿಲು? ಅದಕ್ಕೂ ಉಪಾಯ ಇದೆ. ಎಸ್‌ಜಿಆರ್‌ಎಸ್ ಒಳಗೇ 43 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನಿನ ಸೂಚನೆ ಅಡಗಿದೆ. ಆ ಪ್ರೋಟೀನ್ ಹಳೆಯ ಬಾಗಿಲುಗಳನ್ನೂ ತಡೆಯುತ್ತೆ.

ವಿಜ್ಞಾನಿಗಳು ಗ್ಲೂಕೋಸ್‌ನಂತೆಯೇ ಕಾಣುವ, ಆದ್ರೆ ಅರಗದ ಸಕ್ಕರೆ ಕೊಟ್ಟು ಪರೀಕ್ಷೆ ಮಾಡಿದರು. ಎಸ್‌ಜಿಆರ್‌ಎಸ್ ಇದ್ದ ಬ್ಯಾಕ್ಟೀರಿಯಾ ತಡವರಿಸಿ ಮತ್ತೆ ಬೆಳೆದವು. ಅದನ್ನು ತೆಗೆದುಹಾಕಿದವು ಬೆಳೆಯಲಾರದೆ ಒದ್ದಾಡಿದವು. ಅಂದ್ರೆ ಬೆಳವಣಿಗೆಗೆ ಬ್ರೇಕ್ ಹಾಕುವ ಈ ಆರ್‌ಎನ್‌ಎಯೇ ಬೆಳವಣಿಗೆಯನ್ನು ಉಳಿಸಿದ್ದು. ಕಬ್ಬಿಣದ ಅಂಶ ಕಡಿಮೆಯಾದಾಗ ಕೆಲಸ ಮಾಡುವ ಆರ್‌ವೈಎಚ್‌ಬಿಯಂಥ ಬೇರೆ ಪುಟ್ಟ ಆರ್‌ಎನ್‌ಎಗಳೂ ಇವೆ.

ಎಂಜಿನಿಯರ್ ತಲೆಗೆ ಇಲ್ಲಿ ಹೊಳೆದದ್ದು ಒಂದೇ. ಸರ್ವರ್ ತುಂಬಿದಾಗ ನಾವು ಹೊಸ ರಿಕ್ವೆಸ್ಟ್ ತಡೀತೀವಿ. ಆದ್ರೆ ಆಗಲೇ ಹೊರಟು ಸಾಲಿನಲ್ಲಿ ನಿಂತ ಕೆಲಸಗಳನ್ನು ಮರೀತೀವಿ. ಅವೇ ಸರ್ವರನ್ನು ಕೆಡವೋದು. ಡಿಎನ್‌ಎ ಮಟ್ಟದಲ್ಲಿ ಮಾತ್ರ ಸ್ವಿಚ್ ಆರಿಸಿದರೆ ಹೊಸ ಚೀಟಿ ನಿಲ್ಲಬಹುದು, ಹೊರಟ ಚೀಟಿ ನಿಲ್ಲಲ್ಲ. ಪುಟ್ಟ ಆರ್‌ಎನ್‌ಎ ಹಿಡಿಯೋದು ಹೊರಟ ಚೀಟಿಯನ್ನೇ. ಅವ್ವ ಮಾಡಿದ್ದೂ ಅದನ್ನೇ. ಗಾಣ ರಿಪೇರಿ ಮಾಡೋದು ಅವಳ ಕೈಲಿರಲಿಲ್ಲ, ಸಾಲನ್ನು ಮುಂದೆ ಸರಿಸೋದೂ ಇರಲಿಲ್ಲ. ಚೀಟಿ ಇತ್ತು.

ಈ ಸಲ ಹಂಗಾಮು ಶುರುವಾಗುವ ಮೊದಲೇ ಅಪ್ಪ ಮುಕಾದಮನಿಗೆ ಹೇಳಿದ್ದಾನಂತೆ: "ಕಡಿಯೂ ಮುಂಚೆ ನಿಮ್ಮ ಅಕ್ಕಗೊಂದು ಫೋನ್ ಮಾಡ್ರಿ."