ಮನೆಗೆ ಡಿಶ್ ಬೇಕೇ? ಬೇಡವೇ?

ತಾರಸಿ ಮೇಲೆ ಡಿಶ್ ಕೂರಿಸುವ ವಿಚಾರದಲ್ಲಿ ನಮ್ಮ ಅಭಿಮಾನಿ ಮಿತ್ರರು ಎರಡು ಪಾರ್ಟಿಯಾಗಿದ್ದಾರೆ. ನನ್ನ ಮಾತು ಕೇಳಿ, ಆಮೇಲೆ ಜಗಳ ಆಡೋಣ.

ಮೊದಲು ಒಳ್ಳೇದು. 1975ರ ಆಗಸ್ಟ್‌ನಲ್ಲಿ ‘ಸೈಟ್’ ಪ್ರಯೋಗದಡಿ ಉಪಗ್ರಹ ಟಿ.ವಿ. ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಬಂದಾಗ ಊರಿಗೊಂದೇ ಪೆಟ್ಟಿಗೆ. ಜನವೆಲ್ಲ ಅದರ ಮುಂದೆ. ಒಂದೇ ವರ್ಷ ನಡೆದು ನಿಂತಿತು. ಇವತ್ತು ಡಿಡಿ ಫ್ರೀ ಡಿಶ್‌ಗೆ ಸಾಮಾನು ಕೊಂಡರಾಯ್ತು, ತಿಂಗಳ ಬಾಡಿಗೆಯೇ ಇಲ್ಲ. ಟಾಕೀಸಿನ ಮೆಟ್ಟಿಲು ಹತ್ತಲಾರದ ಅಜ್ಜಿ ಕೂಡ ಕೂತಲ್ಲೇ ಅಣ್ಣಾವ್ರ ಚಿತ್ರ ನೋಡ್ತಾಳೆ. ಟಿ.ವಿ. ಹಕ್ಕು ಮಾರಿ ನಿರ್ಮಾಪಕನೂ ನಾಲ್ಕು ಕಾಸು ಕಾಣ್ತಾನೆ.

ಕೆಟ್ಟದ್ದು? ಜೋರು ಮಳೆ ಬಂತೋ, ಕ್ಲೈಮ್ಯಾಕ್ಸ್‌ನಲ್ಲೇ ಪರದೆ ಖಾಲಿ! ಸುಮಾರು 36,000 ಕಿ.ಮೀ. ದಾಟಿ ಬಂದ ಸಿಗ್ನಲ್ಲು ನಮ್ಮೂರ ಮಳೆಗೆ ಸೋಲುತ್ತೆ. ಪೇ ಚಾನೆಲ್ ಬೇಕಂದ್ರೆ ತಿಂಗಳು ತಿಂಗಳು ದುಡ್ಡು. ರಿಮೋಟು ಒಂದೇ, ಅಮ್ಮನಿಗೆ ಧಾರಾವಾಹಿ, ಅಪ್ಪನಿಗೆ ವಾರ್ತೆ, ನಮಗೆ ಹಾಡು. ತಮ್ಮನ ಪರೀಕ್ಷೆ ದೇವರಿಗೇ ಪ್ರೀತಿ.

ದೊಡ್ಡ ನಷ್ಟ ಬೇರೆಯೇ ಇದೆ. ‘ಹೇಗೂ ಟಿ.ವಿ.ಗೆ ಬರುತ್ತಲ್ಲ’ ಅಂತ ನಾವು ಕೂತ್ರೆ ಊರಿನ ಟಾಕೀಸಿಗೆ ಬೀಗ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲೇ ಎಷ್ಟು ಚಿತ್ರಮಂದಿರ ಮಾಯವಾದವು, ಲೆಕ್ಕ ಹಾಕಿ. ಮೊದಲ ವಾರ ಜನವೇ ಬಾರದ ಚಿತ್ರಕ್ಕೆ ಚಾನೆಲ್‌ನೋರು ತಾನೇ ಏನು ಬೆಲೆ ಕಟ್ಟಿಯಾರು?

ನನ್ನ ತೀರ್ಪು: ಡಿಶ್ ಹಾಕಿಸಿ, ಅಜ್ಜಿಗಾಗಿ, ಅಮ್ಮನಿಗಾಗಿ. ಪರೀಕ್ಷೆ ತಿಂಗಳು ಪೇ ಚಾನೆಲ್ ನಿಲ್ಲಿಸಿ. ಆದರೆ ಕನ್ನಡ ಚಿತ್ರ ಬಿಡುಗಡೆಯಾದ ಶುಕ್ರವಾರ, ಗಾಂಧಿ ಕ್ಲಾಸೋ ಬಾಲ್ಕನಿಯೋ, ನೀವು ಕ್ಯೂನಲ್ಲಿರಬೇಕು. ಶಿಳ್ಳೆ ಹೊಡೆದರೆ ಮನೆಯಲ್ಲಿ ಬೈಗುಳ, ಟಾಕೀಸಲ್ಲಿ ಮರ್ಯಾದೆ. ಏನಂತೀರಿ?